ಗಣಕಯಂತ್ರದ ಹಸ್ತಪ್ರತಿಸೂಚಿ ಮತ್ತು ಅಕ್ಷರಾನುಕ್ರಮದ ಸಮಸ್ಯೆ

ಹಸ್ತಪ್ರತಿ ಭಂಡಾರವನ್ನು ಪ್ರವೇಶಿಸುವ ವಿದ್ವಾಂಸನಿಗೆ ಮೊದಲು ದೊರೆಯುವುದು ಓಲೆಗರಿಯಲ್ಲ, ಸೂಚಿ. ಸೂಚಿಯಲ್ಲಿ ಕಾಣದ ಕಟ್ಟು ಕಪಾಟಿನಲ್ಲಿ ಸುರಕ್ಷಿತವಾಗಿದ್ದರೂ ಅವನ ಪಾಲಿಗೆ ಇಲ್ಲದಂತೆಯೇ ಸರಿ. ಜೈನವಾಙ್ಮಯದ ಮಟ್ಟಿಗೆ ಹೇಳುವುದಾದರೆ, ಎಚ್. ಡಿ. ವೇಲಣಕರರ ‘ಜಿನರತ್ನಕೋಶ’ 1944ರಲ್ಲಿ ಪುಣೆಯ ಭಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದಿಂದ ಇಂಗ್ಲಿಷ್ ಭಾಷೆಯಲ್ಲಿ ಹೊರಬಂದಿತು. ಕೆ. ಭುಜಬಲಿ ಶಾಸ್ತ್ರಿಗಳು ಸಂಪಾದಿಸಿದ ‘ಕನ್ನಡಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ದೇವನಾಗರಿಯಲ್ಲಿ ಪ್ರಕಟವಾಯಿತು. ಅದರಲ್ಲಿ ವರ್ಣಿತವಾದ ಮೂಡಬಿದಿರೆ ಮೊದಲಾದ ಕಡೆಯ ಓಲೆಗರಿಗಳಾದರೋ ಬಹುಮಟ್ಟಿಗೆ ಕನ್ನಡ ಲಿಪಿಯವು. ಹೀಗೆ ಒಂದೇ ಕೃತಿ ರೋಮನ್, ನಾಗರಿ, ಕನ್ನಡ ಎಂಬ ಮೂರು ವೇಷಗಳಲ್ಲಿ ಸೂಚಿಕಾರನ ಮುಂದೆ ನಿಲ್ಲುತ್ತದೆ.

ಈ ಸೂಚಿಗಳನ್ನೆಲ್ಲ ಒಂದುಗೂಡಿಸಿ ಗಣಕಯಂತ್ರದ ದತ್ತಸಂಚಯಕ್ಕೆ, ಅಂದರೆ ಡೇಟಾಬೇಸಿಗೆ, ಇಳಿಸುವ ಕಾರ್ಯ ಇಂದು ಅನೇಕ ಕಡೆ ನಡೆಯುತ್ತಿದೆ. ಯಂತ್ರಕ್ಕೆ ಹೆಸರುಗಳನ್ನು ಕೊಟ್ಟರೆ ಸಾಕು, ಅದು ತಾನಾಗಿಯೇ ಅಕಾರಾದಿಯಾಗಿ ಜೋಡಿಸಿಕೊಡುತ್ತದೆ ಎಂಬ ನಂಬಿಕೆ ಸಾಮಾನ್ಯವಾಗಿದೆ. ಈ ನಂಬಿಕೆ ನಿರಾಧಾರವಾದುದು. ಚೀಟಿಗಳನ್ನು ಜೋಡಿಸುತ್ತಿದ್ದ ಹಿಂದಿನ ಪಂಡಿತನ ತಲೆಯಲ್ಲಿ ವರ್ಣಮಾಲೆಯಿತ್ತು. ಯಂತ್ರದಲ್ಲಿರುವುದು ಸಂಖ್ಯೆಗಳು ಮಾತ್ರ. ಆ ಸಂಖ್ಯೆಗಳಿಂದ ಕ್ರಮವನ್ನು ಹುಟ್ಟಿಸುವ ನಿಯಮವನ್ನು ಬೇರೆಯಾಗಿ ಆರಿಸಿಕೊಡಬೇಕಾಗುತ್ತದೆ. ಆರಿಸದೆ ಬಿಟ್ಟರೆ, ಎಲ್ಲಿಯೋ ಯಾರೋ ಬೇರೊಂದು ಭಾಷೆಗಾಗಿ ಆರಿಸಿಟ್ಟದ್ದು ಅನ್ವಯವಾಗುತ್ತದೆ.

ಈ ನಿಯಮಕ್ಕೆ ಗಣಕಶಾಸ್ತ್ರದಲ್ಲಿ ‘ಕೊಲೇಷನ್’ ಎಂದು ಹೆಸರು. ಗ್ರಂಥಸಂಪಾದನಶಾಸ್ತ್ರದ ಪರಿಚಯವುಳ್ಳವರಿಗೆ ಈ ಶಬ್ದ ಹೊಸತಲ್ಲ. ಪ್ರತಿಗಳನ್ನು ಒಂದರೊಡನೊಂದು ಹೋಲಿಸಿ ಪಾಠಾಂತರಗಳನ್ನು ಗುರುತಿಸುವ ಕೆಲಸಕ್ಕೂ ಇಂಗ್ಲಿಷಿನಲ್ಲಿ ಅದೇ ಹೆಸರಿದೆ. ಅರ್ಥ ಬೇರೆಯಾದರೂ ಎರಡರ ಮೂಲಪ್ರಶ್ನೆ ಒಂದೇ: ಯಾವುದನ್ನು ಭೇದವೆಂದು ಎಣಿಸಬೇಕು, ಯಾವುದನ್ನು ಎಣಿಸಬಾರದು? ಇಲ್ಲಿ ಆ ನಿಯಮವನ್ನು ‘ಕ್ರಮನಿಯಮ’ ಎಂದು ಕರೆಯಲಾಗಿದೆ.

ಮೊದಲು ರೋಮನ್ ಲಿಪಿಯ ಸಂಗತಿ. ಅಮೆರಿಕದ ಆಸ್ಕಿ ಸಂಕೇತಪದ್ಧತಿ 1963ರಲ್ಲಿ ಪ್ರಕಟವಾಗಿ 1967ರಲ್ಲಿ ಪರಿಷ್ಕೃತವಾಯಿತು. ಅದರಲ್ಲಿ ದೊಡ್ಡಕ್ಷರಗಳಿಗೆ 65ರಿಂದ 90ರವರೆಗಿನ, ಸಣ್ಣಕ್ಷರಗಳಿಗೆ 97ರಿಂದ 122ರವರೆಗಿನ ಸಂಖ್ಯೆಗಳಿವೆ. ಕೇವಲ ಸಂಖ್ಯೆಯನ್ನು ನೋಡಿ ಜೋಡಿಸುವ ಯಂತ್ರಕ್ಕೆ ಎಲ್ಲ ದೊಡ್ಡಕ್ಷರಗಳೂ ಎಲ್ಲ ಸಣ್ಣಕ್ಷರಗಳಿಗಿಂತ ಮೊದಲು. ಇಂಗ್ಲಿಷಿನಲ್ಲಿ ಇದು ಅಷ್ಟೇನೂ ದೊಡ್ಡ ತೊಡಕಲ್ಲ. ಅಲ್ಲಿ ದೊಡ್ಡಕ್ಷರವೆಂಬುದು ಅದೇ ಅಕ್ಷರದ ಮತ್ತೊಂದು ಉಡುಪು. ಅದರಿಂದ ಉಚ್ಚಾರಣೆ ಬದಲಾಗುವುದಿಲ್ಲ. ಆದುದರಿಂದ ಅನೇಕ ದತ್ತಸಂಚಯಗಳಲ್ಲಿ ದೊಡ್ಡ-ಸಣ್ಣ ಭೇದವನ್ನು ಗಣಿಸದಿರುವ ನಿಯಮವೇ ಮೊದಲಿನಿಂದ ನೆಲೆಗೊಂಡಿರುತ್ತದೆ.

ಸಂಸ್ಕೃತ ಪ್ರಾಕೃತಗಳನ್ನು ಸಾಮಾನ್ಯ ಕೀಲಿಮಣೆಯಲ್ಲಿ ಬರೆಯಲು ಬಳಕೆಗೆ ಬಂದ ಹಾರ್ವರ್ಡ್–ಕ್ಯೋಟೊ ಪದ್ಧತಿಯಲ್ಲಿ ಸ್ಥಿತಿ ತೀರ ಬೇರೆ. ಸಣ್ಣ ‘ಎ’ ಅಕಾರ, ದೊಡ್ಡ ‘ಎ’ ಆಕಾರ; ಸಣ್ಣ ‘ಟಿ’ ತಕಾರ, ದೊಡ್ಡ ‘ಟಿ’ ಟಕಾರ; ಸಣ್ಣ ‘ಎನ್’ ನಕಾರ, ದೊಡ್ಡ ‘ಎನ್’ ಣಕಾರ; ಸಣ್ಣ ‘ಎಸ್’ ಸಕಾರ, ದೊಡ್ಡ ‘ಎಸ್’ ಷಕಾರ; ಶಕಾರಕ್ಕೆ ‘ಝೆಡ್’. ಇಲ್ಲಿ ದೊಡ್ಡಕ್ಷರವು ಉಡುಪಲ್ಲ, ಬೇರೆಯೇ ವರ್ಣ. ಈ ಪದ್ಧತಿಯಲ್ಲಿ ಬರೆದ ಏಳು ಗ್ರಂಥನಾಮಗಳನ್ನು ಯಂತ್ರಕ್ಕೆ ಕೊಟ್ಟು ಕೇವಲ ಸಂಖ್ಯಾಕ್ರಮದಲ್ಲಿ ಜೋಡಿಸಿದರೆ ದೊರೆಯುವ ಪಟ್ಟಿ ಇದು: ಆದಿಪುರಾಣ, ಷಟ್ಖಂಡಾಗಮ, ಅಜಿತಪುರಾಣ, ಧರ್ಮಾಮೃತ, ಗೊಮ್ಮಟಸಾರ, ವಡ್ಡಾರಾಧನೆ, ಶಾಂತಿಪುರಾಣ. ದೊಡ್ಡ-ಸಣ್ಣ ಭೇದವನ್ನು ಅಳಿಸಿ ಜೋಡಿಸಿದರೆ: ಆದಿಪುರಾಣ, ಅಜಿತಪುರಾಣ, ಧರ್ಮಾಮೃತ, ಗೊಮ್ಮಟಸಾರ, ಷಟ್ಖಂಡಾಗಮ, ವಡ್ಡಾರಾಧನೆ, ಶಾಂತಿಪುರಾಣ. ಎರಡೂ ತಪ್ಪು. ಕನ್ನಡ ಓದುಗ ನಿರೀಕ್ಷಿಸುವುದು ಅಜಿತಪುರಾಣ, ಆದಿಪುರಾಣ, ಗೊಮ್ಮಟಸಾರ, ಧರ್ಮಾಮೃತ, ವಡ್ಡಾರಾಧನೆ, ಶಾಂತಿಪುರಾಣ, ಷಟ್ಖಂಡಾಗಮ ಎಂಬ ಕ್ರಮವನ್ನು. ಭೇದವನ್ನು ಗಣಿಸಿದರೂ ತಪ್ಪು, ಗಣಿಸದಿದ್ದರೂ ತಪ್ಪು ಎಂಬ ಈ ಸ್ಥಿತಿಗೆ ಕಾರಣ, ಎರಡು ನಿಯಮಗಳೂ ರೋಮನ್ ಅಕ್ಷರಗಳಿಗೆ ಸಂಬಂಧಿಸಿದವು. ಆ ಅಕ್ಷರಗಳು ಸೂಚಿಸುವ ವರ್ಣಮಾಲೆಗಲ್ಲ.

ಕ್ರಮ ಕೆಟ್ಟರೆ ಹುಡುಕುವವನಿಗೆ ಶ್ರಮವಾಗುತ್ತದೆ, ಅಷ್ಟೆ. ಇದಕ್ಕಿಂತ ಗಂಭೀರವಾದ ಹಾನಿ ಬೇರೊಂದಿದೆ. ಒಂದೇ ಕ್ರಮನಿಯಮವು ಯಾವುದು ಮೊದಲು ಎಂಬುದನ್ನು ಮಾತ್ರವಲ್ಲದೆ, ಯಾವುದು ಯಾವುದಕ್ಕೆ ಸಮಾನ ಎಂಬುದನ್ನೂ ನಿರ್ಣಯಿಸುತ್ತದೆ. ದೊಡ್ಡ-ಸಣ್ಣ ಭೇದವನ್ನು ಗಣಿಸದ ನಿಯಮದಲ್ಲಿ ‘ಕರಣ’ ಮತ್ತು ‘ಕಾರಣ’ ಒಂದೇ ಪದ. ಅಧಃಪ್ರವೃತ್ತಾದಿ ಕರಣಗಳನ್ನೂ ಷೋಡಶಕಾರಣ ಭಾವನೆಗಳನ್ನೂ ಒಂದೇ ಎನ್ನುವ ಜೈನ ವಿದ್ವಾಂಸನಿಲ್ಲ, ಯಂತ್ರ ಹಾಗೆನ್ನುತ್ತದೆ. ‘ಪಥ’ ಮತ್ತು ‘ಪಾಠ’, ‘ಗಣ’ ಮತ್ತು ‘ಗಾನ’, ‘ದಿನ’ ಮತ್ತು ‘ದೀನ’ ಇವೂ ಹಾಗೆಯೇ. ಒಂದು ಹೆಸರು ಒಂದೇ ಬಾರಿ ಬರಬೇಕೆಂಬ ನಿರ್ಬಂಧವನ್ನು ಗ್ರಂಥನಾಮದ ಅಂಕಣಕ್ಕೆ ವಿಧಿಸಿದ್ದರೆ, ಎರಡನೆಯ ಹೆಸರನ್ನು ದತ್ತಸಂಚಯವು ‘ಈಗಾಗಲೇ ಇದೆ’ ಎಂದು ತಿರಸ್ಕರಿಸುತ್ತದೆ. ನೂರಾರು ನಮೂದುಗಳನ್ನು ಒಮ್ಮೆಗೇ ಸೇರಿಸುವಾಗ, ದ್ವಿರುಕ್ತವೆಂದು ಕಂಡದ್ದನ್ನು ಬಿಟ್ಟು ಮುಂದೆ ಸಾಗೆಂದು ಆಜ್ಞಾಪಿಸಿದ್ದರೆ ಆ ತಿರಸ್ಕಾರ ಯಾರ ಕಣ್ಣಿಗೂ ಬೀಳದಿರಬಹುದು. ಕಟ್ಟು ಕಪಾಟಿನಲ್ಲಿದೆ, ಕೈಬರಹದ ಪಟ್ಟಿಯಲ್ಲಿಯೂ ಇದೆ. ಯಂತ್ರದ ಸೂಚಿಯಲ್ಲಿ ಮಾತ್ರ ಇಲ್ಲ. ಯುನೆಸ್ಕೊ ಸಂಸ್ಥೆಯು 1985ರಿಂದ ಸಣ್ಣ ಗಣಕಗಳಿಗಾಗಿ ಹಂಚಿದ, ಭಾರತದ ಗ್ರಂಥಾಲಯಗಳಲ್ಲಿ ಬಹುವಾಗಿ ಬಳಕೆಯಾದ ಸಿಡಿಎಸ್-ಐಸಿಸ್ ತಂತ್ರಾಂಶದಲ್ಲಿ ಶೋಧಸೂಚಿಯ ಪದಗಳನ್ನೆಲ್ಲ ದೊಡ್ಡಕ್ಷರಕ್ಕೆ ಪರಿವರ್ತಿಸುವ ಕೋಷ್ಟಕವೊಂದಿತ್ತು. ಇಂಗ್ಲಿಷ್ ಪುಸ್ತಕಗಳಿಗೆ ಅದು ಉಪಕಾರಿ. ದೊಡ್ಡಕ್ಷರವನ್ನೇ ವರ್ಣವಾಗಿ ಬಳಸಿದ ಸಂಸ್ಕೃತ ಪಟ್ಟಿಗಳಿಗೆ ಅದರಿಂದ ದೀರ್ಘವೂ ಮೂರ್ಧನ್ಯವೂ ಒಟ್ಟಿಗೆ ಅಳಿದುಹೋಗುತ್ತವೆ.

ಅಕ್ಷರಗಳ ಮೇಲೆ ಗೆರೆ, ಕೆಳಗೆ ಚುಕ್ಕೆ ಇಡುವ ವಿದ್ವತ್ ಲಿಪ್ಯಂತರಣ ಇದಕ್ಕಿಂತ ಮೇಲು. 2001ರಲ್ಲಿ ಐಎಸ್‌ಒ 15919 ಎಂಬ ಅಂತಾರಾಷ್ಟ್ರೀಯ ಮಾನಕವೂ ಬಂದಿದೆ. ಆದರೂ ಅಪಾಯ ತಪ್ಪಲಿಲ್ಲ. ಸಂಖ್ಯಾಕ್ರಮದಲ್ಲಿ ಚಿಹ್ನೆಯುಳ್ಳ ಅಕ್ಷರಗಳೆಲ್ಲ ‘ಝೆಡ್’ ಆದ ಮೇಲೆ ಬರುವುದರಿಂದ ಆದಿಪುರಾಣವು ಯಶೋಧರಚರಿತೆಯನ್ನೂ ದಾಟಿ ಪಟ್ಟಿಯ ಕೊನೆಗೆ ಹೋಗುತ್ತದೆ. ಎಸ್‌ಕ್ಯೂಲೈಟ್ ಎಂಬ ಪ್ರಚಲಿತ ದತ್ತಸಂಚಯದಲ್ಲಿ ದೊಡ್ಡ-ಸಣ್ಣ ಭೇದವನ್ನು ಕಡೆಗಣಿಸುವ ನಿಯಮವು ಇಂಗ್ಲಿಷಿನ 26 ಅಕ್ಷರಗಳಿಗೆ ಮಾತ್ರ ಅನ್ವಯಿಸುತ್ತದೆ. ಗೆರೆಯುಳ್ಳ ದೊಡ್ಡ ‘ಎ’ ಮತ್ತು ಗೆರೆಯುಳ್ಳ ಸಣ್ಣ ‘ಎ’ ಅದಕ್ಕೆ ಬೇರೆ ಬೇರೆಯೇ. ಇದಕ್ಕೆ ವಿರುದ್ಧವಾಗಿ ಮೈಎಸ್‌ಕ್ಯೂಎಲ್ ದತ್ತಸಂಚಯದ ಎಂಟನೆಯ ಆವೃತ್ತಿ 2018ರಲ್ಲಿ ಬಂದಾಗ ಅದರ ಸಹಜ ನಿಯಮವು ದೊಡ್ಡ-ಸಣ್ಣ ಭೇದವನ್ನಷ್ಟೇ ಅಲ್ಲ, ಗೆರೆ-ಚುಕ್ಕೆಗಳ ಭೇದವನ್ನೂ ಬಿಟ್ಟಿತು. ಅದರಲ್ಲಿ ಶ, ಷ, ಸ ಮೂರೂ ಒಂದೇ. ಚಿಹ್ನೆಗಳನ್ನು ಬರೆಯಲು ಬಾರದ ಓದುಗ ಷಟ್ಖಂಡಾಗಮವನ್ನು ಹುಡುಕಲು ಇದು ಅನುಕೂಲ. ಹುಡುಕಾಟಕ್ಕೆ ಇಂಥ ಔದಾರ್ಯ ಬೇಕು. ಗುರುತಿಗೆ ಮಾತ್ರ ಬೇಡ.

ಇಲ್ಲಿ ಕ್ರಮನಿಯಮದ ಒಳರಚನೆಯನ್ನು ಸ್ವಲ್ಪ ತಿಳಿಯಬೇಕು. ಯೂನಿಕೋಡ್ ಸಂಸ್ಥೆ ರೂಪಿಸಿರುವ ವಿಧಾನದಲ್ಲಿ ಪ್ರತಿಯೊಂದು ಅಕ್ಷರಕ್ಕೂ ಹಲವು ಸ್ತರಗಳ ಮೌಲ್ಯಗಳಿವೆ. ಪ್ರಥಮ ಸ್ತರದಲ್ಲಿ ಮೂಲಾಕ್ಷರ. ದ್ವಿತೀಯ ಸ್ತರದಲ್ಲಿ ಅದಕ್ಕೆ ಹತ್ತಿದ ಚಿಹ್ನೆ. ತೃತೀಯ ಸ್ತರದಲ್ಲಿ ದೊಡ್ಡ-ಸಣ್ಣ ಭೇದ. ಎರಡು ಪದಗಳನ್ನು ಹೋಲಿಸುವಾಗ ಮೊದಲು ಇಡೀ ಪದವನ್ನು ಪ್ರಥಮ ಸ್ತರದಲ್ಲಿಯೇ ನೋಡಲಾಗುತ್ತದೆ. ಅಲ್ಲಿ ಸಮವಾದರೆ ಮಾತ್ರ ದ್ವಿತೀಯಕ್ಕೆ, ಅಲ್ಲಿಯೂ ಸಮವಾದರೆ ತೃತೀಯಕ್ಕೆ ಇಳಿಯಬೇಕು. ಆದುದರಿಂದ ದೊಡ್ಡ-ಸಣ್ಣ ಭೇದವನ್ನು ಗಣಿಸುವ ನಿಯಮವೆಂದೊಡನೆ ದೊಡ್ಡಕ್ಷರಗಳೆಲ್ಲ ಮೊದಲು ಬರುವ ನಿಯಮವೆಂದು ತಿಳಿಯಬಾರದು. ಮೊದಲನೆಯದು ಕೊನೆಯ ಸ್ತರದ ತೀರ್ಪು. ಎರಡನೆಯದು ಸಂಕೇತಸಂಖ್ಯೆಯ ಬರಿಯ ಎಣಿಕೆ. ಇವೆರಡನ್ನು ಒಂದೆಂದು ಭಾವಿಸಿ ತಪ್ಪು ನಿಯಮವನ್ನು ಆರಿಸುವ ಸಂದರ್ಭಗಳು ಬಹಳ.

ಕನ್ನಡ ಲಿಪಿಯಲ್ಲಿ ದೊಡ್ಡ-ಸಣ್ಣ ಭೇದವಿಲ್ಲ. ಹಾಗಾದರೆ ಗ್ರಂಥನಾಮಗಳನ್ನು ಕನ್ನಡದಲ್ಲಿಯೇ ನಮೂದಿಸಿದರೆ ಸಮಸ್ಯೆ ಮುಗಿಯಿತೇ? ಇಲ್ಲ, ರೂಪ ಬದಲಾಗುತ್ತದೆ. 1991ರಲ್ಲಿ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ಭಾರತೀಯ ಲಿಪಿಗಳನ್ನೆಲ್ಲ ಅಲ್ಲಿ 1988ರ ಇಸ್ಕಿ ಪದ್ಧತಿಯಂತೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ಯಲಾಗಿದೆ. ಆದುದರಿಂದ ವರ್ಣಮಾಲೆಯ ಕೊನೆಯಲ್ಲಿ ಹಕಾರವಾದ ಮೇಲೆ ಬರಬೇಕಾದ ಳಕಾರವು ಸಂಕೇತಕ್ರಮದಲ್ಲಿ ಲಕಾರ ವಕಾರಗಳ ನಡುವೆ ಕುಳಿತಿದೆ. ಪ್ರತಿ ದೊರೆತ ಊರುಗಳ ಅನುಕ್ರಮಣಿಕೆಯಲ್ಲಿ ಮಸ್ಕಿ, ಮಳವಳ್ಳಿ ಎಂದಿರಬೇಕಾದುದು ಮಳವಳ್ಳಿ, ಮಸ್ಕಿ ಎಂದಾಗುತ್ತದೆ.

ೞಕಾರದ ಗತಿ ಇನ್ನೂ ವಿಚಿತ್ರ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಕುಳ, ರಳ, ಕ್ಷಳಗಳ ಭೇದವನ್ನು ಅಷ್ಟು ಶ್ರಮವಹಿಸಿ ನಿರೂಪಿಸಿದ್ದಾನೆ. ಯೂನಿಕೋಡಿನಲ್ಲಿ ಆ ಅಕ್ಷರವು ಸ್ವರಚಿಹ್ನೆಗಳನ್ನೂ ಹಲಂತ ಚಿಹ್ನೆಯನ್ನೂ ದಾಟಿದ ಸ್ಥಾನದಲ್ಲಿದೆ; ಅಷ್ಟೇ ಅಲ್ಲ, ಅದಕ್ಕೆ ‘ಫ’ ಎಂಬರ್ಥದ ಹೆಸರನ್ನು ಕೊಡಲಾಗಿದೆ. ದೇವನಾಗರಿಯ ಸಾಲಿನಲ್ಲಿ ಅದೇ ಸ್ಥಾನದಲ್ಲಿ ಪಾರಸಿ ಶಬ್ದಗಳ ‘ಫ಼’ ಇರುವುದನ್ನು ನೋಡಿದರೆ ಆ ಹೆಸರಿನ ಮೂಲ ಊಹೆಗೆ ನಿಲುಕುತ್ತದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಆ ಸಂಸ್ಥೆಯ ನಿಯಮವಾದುದರಿಂದ ಹೆಸರು ಹಾಗೆಯೇ ಉಳಿದಿದೆ. ಸರಿಯಾದ ಹೆಸರನ್ನು ಪರ್ಯಾಯವಾಗಿ ಸೇರಿಸಲಾಗಿದೆ. ಹೆಸರಿನಿಂದ ಬಾಧೆಯಿಲ್ಲ. ಆದರೆ ಬರಿಯ ಸಂಕೇತಕ್ರಮವನ್ನು ಅವಲಂಬಿಸಿದ ಹಳಗನ್ನಡ ಪದಸೂಚಿಯಲ್ಲಿ ‘ಅೞಿ’ಯು ‘ಅಹಿ’ಯನ್ನೂ ದಾಟಿ, ‘ಅ’ದಿಂದ ಆರಂಭವಾಗುವ ಪದಗಳ ತೀರ ತುದಿಗೆ ಹೋಗುತ್ತದೆ. ನ್ಯಾಯಕ್ಕಾಗಿ ಒಂದು ಮಾತನ್ನು ಹೇಳಬೇಕು: ಹಲಂತ ಚಿಹ್ನೆ ಸ್ವರಚಿಹ್ನೆಗಳ ಅನಂತರ ಇರುವುದರಿಂದ ಒತ್ತಕ್ಷರಗಳು ‘ಕೌ’ ಆದ ಮೇಲೆ ಬರುತ್ತವೆ, ನಮ್ಮ ನಿಘಂಟುಗಳ ರೂಢಿಯೂ ಅದೇ. ಕ್ಷಪಣಾಸಾರವನ್ನು ಕಕಾರದಲ್ಲಿಯೂ ಜ್ಞಾನಾರ್ಣವವನ್ನು ಜಕಾರದಲ್ಲಿಯೂ ಹುಡುಕಬೇಕೇ ಹೊರತು, ಶಾಲೆಯ ವರ್ಣಮಾಲೆಯಂತೆ ಕೊನೆಯಲ್ಲಿ ಅಲ್ಲ.

ಅನುಸ್ವಾರವೇ ಎಲ್ಲಕ್ಕಿಂತ ಕಠಿನವಾದ ಪ್ರಶ್ನೆ. ಓಲೆಗರಿಗಳಲ್ಲಿ ಸೊನ್ನೆಯ ಬಳಕೆ ಯಥೇಚ್ಛ. ‘ಪಂಪ’ ಎಂದೂ ‘ಪಮ್ಪ’ ಎಂದೂ ಬರೆದುದು ಒಂದೇ ಹೆಸರು. ಸಂಕೇತಕ್ರಮದಲ್ಲಿ ಅನುಸ್ವಾರವು ಎಲ್ಲ ವ್ಯಂಜನಗಳಿಗಿಂತ ಮೊದಲು ಇರುವುದರಿಂದ ಮೊದಲನೆಯದು ಪಕಾರದ ಆರಂಭದಲ್ಲಿಯೂ ಎರಡನೆಯದು ಪಕ್ಷ, ಪದ್ಮಾವತಿಗಳನ್ನು ದಾಟಿಯೂ ನಿಲ್ಲುತ್ತದೆ. ಸಂಸ್ಕೃತ ನಿಘಂಟುಕಾರರಲ್ಲಿ ಮೋನಿಯರ್ ವಿಲಿಯಮ್ಸ್ ಅನುಸರಿಸಿದ ರೀತಿ ಬೇರೆ: ವರ್ಗೀಯ ವ್ಯಂಜನದ ಮುಂದಿನ ಅನುಸ್ವಾರವನ್ನು ಆಯಾ ವರ್ಗದ ಅನುನಾಸಿಕವೆಂದೇ ಎಣಿಸಬೇಕು, ಶ, ಷ, ಸ, ಹಗಳ ಮುಂದಿನದು ಮಾತ್ರ ನಿಜವಾದ ಅನುಸ್ವಾರ. ಎರಡು ರೂಢಿಗಳಿಗೂ ಆಧಾರವಿದೆ. ಒಂದೇ ಸೂಚಿಯಲ್ಲಿ ಎರಡನ್ನೂ ಬೆರೆಸುವುದಕ್ಕೆ ಮಾತ್ರ ಆಧಾರವಿಲ್ಲ.

ಯೂನಿಕೋಡಿನ ಸರ್ವಸಾಮಾನ್ಯ ಕ್ರಮಕೋಷ್ಟಕದಲ್ಲಿ ಅನುಸ್ವಾರ ವಿಸರ್ಗಗಳಿಗೆ ಪ್ರಥಮ ಸ್ತರದ ಮೌಲ್ಯವನ್ನೇ ಕೊಟ್ಟಿಲ್ಲ. ಅವನ್ನು ಯೂರೋಪಿನ ಭಾಷೆಗಳ ಸ್ವರಾಘಾತ ಚಿಹ್ನೆಗಳಂತೆ ದ್ವಿತೀಯ ಸ್ತರಕ್ಕೆ ಇಳಿಸಲಾಗಿದೆ. ಪ್ರಥಮ ಸ್ತರವನ್ನು ಮಾತ್ರ ನೋಡುವ, ಚಿಹ್ನೆಗಳನ್ನು ಗಣಿಸದ ನಿಯಮವನ್ನು ಆರಿಸಿದರೆ ‘ಅಂಗ’ವೂ ‘ಅಗ’ವೂ, ‘ವಂಶ’ವೂ ‘ವಶ’ವೂ, ‘ಹಂಸ’ವೂ ‘ಹಸ’ವೂ ಒಂದೇ ಆಗುತ್ತವೆ. ದ್ವಾದಶಾಂಗದ ಅಂಗವನ್ನು ಪರ್ವತವಾಚಕವಾದ ಅಗದೊಡನೆ ಒಂದುಗೂಡಿಸುವ ನಿಯಮ ಆಗಮಸೂಚಿಗೆ ಸಲ್ಲದು. ಕನ್ನಡಕ್ಕಾಗಿಯೇ ಪ್ರತ್ಯೇಕವಾಗಿ ಸಿದ್ಧಪಡಿಸಿದ ನಿಯಮದಲ್ಲಿ ಈ ದೋಷವಿಲ್ಲ. ಅಲ್ಲಿ ಅನುಸ್ವಾರ ವಿಸರ್ಗಗಳನ್ನು ಔಕಾರದ ಅನಂತರ ಸ್ವತಂತ್ರ ಅಕ್ಷರಗಳಾಗಿ ಎಣಿಸಲಾಗಿದೆ. ಪೋಸ್ಟ್‌ಗ್ರೆಸ್ ದತ್ತಸಂಚಯದಲ್ಲಿ 2017ರ ಹತ್ತನೆಯ ಆವೃತ್ತಿಯಿಂದ ಈ ಕನ್ನಡ ನಿಯಮವನ್ನು ಹೆಸರಿಸಿ ಬಳಸಬಹುದಾಗಿದೆ. ನಿಯಮ ಇದೆ, ಹೆಸರಿಸದಿದ್ದರೆ ಅದು ತಾನಾಗಿ ಬರುವುದಿಲ್ಲ.

ಕಣ್ಣಿಗೆ ಕಾಣದ ಭೇದಗಳೂ ಉಂಟು. ‘ಗೋ’ ಎಂಬುದರ ಓಕಾರ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು, ಮೂರು ತುಂಡುಗಳಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ‘ಸೂರ್ಯ’ವನ್ನು ಅರ್ಕಾವತ್ತಿಲ್ಲದೆ ‘ಸೂರ‍್ಯ’ ಎಂದು ತೋರಿಸಲು ನಡುವೆ ಅದೃಶ್ಯವಾದ ಜೋಡಕವೊಂದನ್ನು ಇಡಬೇಕು. ಸಂಖ್ಯೆಯನ್ನಷ್ಟೇ ನೋಡುವ ಯಂತ್ರಕ್ಕೆ ಇವು ಬೇರೆ ಬೇರೆ ಪದಗಳು. ನಮೂದಿಸುವ ಮೊದಲೇ ಎಲ್ಲವನ್ನೂ ಒಂದು ರೂಪಕ್ಕೆ ತಂದುಕೊಳ್ಳುವುದರಿಂದ ಈ ತೊಡಕು ನಿವಾರಣೆಯಾಗುತ್ತದೆ.

ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯ ಕೃತಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಕನ್ನಡದಲ್ಲಿ ಅದು ಗೊಮ್ಮಟಸಾರ. ಸೊನ್ನೆಯಿಟ್ಟು ಬರೆದರೆ ಗೊಂಮಟಸಾರ. ನಾಗರಿಯಲ್ಲಿ ಹ್ರಸ್ವ ಒಕಾರವಿಲ್ಲದ ಕಾರಣ ನಾಗರಿ ಸೂಚಿಯನ್ನು ಯಂತ್ರದಿಂದ ಕನ್ನಡಕ್ಕೆ ತಿರುಗಿಸಿದರೆ ಗೋಮ್ಮಟಸಾರ. ಒತ್ತನ್ನು ಬಿಟ್ಟವರಲ್ಲಿ ಗೋಮಟಸಾರ. ಒಂದು ಗ್ರಂಥದ ನಾಲ್ಕು ಪ್ರತಿಗಳು ನಾಲ್ಕು ಗ್ರಂಥಗಳಾಗಿ ನಾಲ್ಕು ಕಡೆ ಚದುರುತ್ತವೆ. ಪರಿಷ್ಕರಣಕ್ಕೆ ಪ್ರತಿಗಳನ್ನು ಕೂಡಿಸುವ ಸಂಪಾದಕನಿಗೆ ಒಂದೋ ಎರಡೋ ಮಾತ್ರ ಸಿಗುತ್ತವೆ. ಅಂತೆಯೇ ರೇಫದ ಮುಂದೆ ವ್ಯಂಜನವನ್ನು ಇಮ್ಮಡಿಸುವ ಹಳೆಯ ರೂಢಿಯಂತೆ ‘ಧರ್ಮ್ಮಾಮೃತ’ ಎಂದಿದ್ದರೆ ಅದು ‘ಧರ್ಮಾಮೃತ’ವನ್ನೂ ‘ಧರ್ಮೋಪದೇಶ’ವನ್ನೂ ದಾಟಿ ಹೋಗುತ್ತದೆ. ಈ ಭೇದಗಳನ್ನು ಯಾವ ಕ್ರಮನಿಯಮವೂ ಸರಿಪಡಿಸಲಾರದು. ಇವು ಅಕ್ಷರಕ್ರಮದ ಭೇದಗಳಲ್ಲ, ಬರಹರೂಢಿಯ ಭೇದಗಳು.

ಹಾಗೆಂದು ಮೂಲದ ಬರಹವನ್ನೇ ತಿದ್ದಿ ನಮೂದಿಸುವುದು ಅದಕ್ಕಿಂತ ದೊಡ್ಡ ಅಪರಾಧ. ಲಿಪಿಕಾರನು ೞಕಾರದ ಸ್ಥಾನದಲ್ಲಿ ಳಕಾರವನ್ನೂ ಱಕಾರದ ಸ್ಥಾನದಲ್ಲಿ ರಕಾರವನ್ನೂ ಬರೆದಿದ್ದರೆ ಪ್ರತಿಯ ಕಾಲವನ್ನೂ ಪರಂಪರೆಯನ್ನೂ ನಿರ್ಣಯಿಸುವವನಿಗೆ ಅದೇ ಸಾಕ್ಷಿ. ಆದುದರಿಂದ ಗ್ರಂಥನಾಮಕ್ಕೆ ಒಂದೇ ಅಂಕಣವನ್ನಿಡುವ ಪದ್ಧತಿಯನ್ನು ಬಿಡಬೇಕು. ಓಲೆಯಲ್ಲಿದ್ದಂತೆ ಬರೆದ ರೂಪ ಒಂದು ಅಂಕಣದಲ್ಲಿರಲಿ. ಅದಕ್ಕೆ ಯಾವ ಭೇದವನ್ನೂ ಬಿಡದ ಕಟ್ಟುನಿಟ್ಟಾದ ಹೋಲಿಕೆ. ವಿದ್ವಾಂಸರು ಒಪ್ಪಿದ ಪರಿಷ್ಕೃತ ನಾಮ ಇನ್ನೊಂದರಲ್ಲಿ. ಮೂರನೆಯದು ಕ್ರಮಕ್ಕಾಗಿ: ಆದಿಯ ‘ಶ್ರೀ’ ಎಂಬುದನ್ನು ಕಳೆದು (ಕಳೆಯದಿದ್ದರೆ ಸೂಚಿಯ ದೊಡ್ಡ ಭಾಗ ಶಕಾರದಲ್ಲಿಯೇ ರಾಶಿಯಾಗುತ್ತದೆ), ಅನುಸ್ವಾರವನ್ನು ಆರಿಸಿದ ರೂಢಿಗೆ ತಂದು, ಕನ್ನಡ ಕ್ರಮನಿಯಮಕ್ಕೆ ಒಪ್ಪಿಸಿದ ರೂಪ. ಹುಡುಕಾಟಕ್ಕಾಗಿ ಬೇರೊಂದು ಅಂಕಣವಿದ್ದು, ಅದರಲ್ಲಿ ಹ್ರಸ್ವದೀರ್ಘಗಳನ್ನೂ ಒತ್ತುಗಳನ್ನೂ ಎಷ್ಟು ಸಡಿಲಿಸ ಬೇಕೋ ಅಷ್ಟು ಸಡಿಲಿಸಬಹುದು. ಪ್ರತಿಯ ಗುರುತು ಮಾತ್ರ ಹೆಸರಿನಿಂದ ಆಗಬಾರದು. ಪ್ರತಿಯೊಂದು ಕಟ್ಟಿಗೂ ಸಂಖ್ಯೆಯೇ ಗುರುತು. ಆ ಸಂಖ್ಯೆಯನ್ನೂ ಅಕ್ಷರವೆಂದಲ್ಲದೆ ಸಂಖ್ಯೆಯೆಂದೇ ನಮೂದಿಸಬೇಕು. ಇಲ್ಲವಾದರೆ 10 ಎಂಬುದು 2ಕ್ಕಿಂತ ಮೊದಲು ಬರುತ್ತದೆ.

ಆರಿಸಿದ ನಿಯಮವನ್ನೂ ಅದರ ಆವೃತ್ತಿಯನ್ನೂ ಸೂಚಿಯ ಪೀಠಿಕೆಯಲ್ಲಿ ಬರೆದಿಡುವುದು ಅಗತ್ಯ. ಇದು ಔಪಚಾರಿಕವಾದ ಮಾತಲ್ಲ. ಲಿನಕ್ಸ್ ವ್ಯವಸ್ಥೆಗೆ ಆಧಾರಭೂತವಾದ ಜಿಲಿಬ್‌ಸಿ ಎಂಬ ತಂತ್ರಾಂಶದ 2.28ನೆಯ ಆವೃತ್ತಿ 2018ರಲ್ಲಿ ಬಂದಾಗ ಅದರ ಕ್ರಮನಿಯಮಗಳು ವ್ಯಾಪಕವಾಗಿ ಬದಲಾದವು. ದತ್ತಸಂಚಯವು ಶೀಘ್ರವಾಗಿ ಹುಡುಕಲು ತನ್ನೊಳಗೆ ಒಂದು ವಿಂಗಡಿತ ಸೂಚಿಯನ್ನು ಕಟ್ಟಿಕೊಂಡಿರುತ್ತದೆ. ಹಳೆಯ ನಿಯಮದಂತೆ ಕಟ್ಟಿದ ಸೂಚಿಯಲ್ಲಿ ಹೊಸ ನಿಯಮದಂತೆ ಹುಡುಕಿದಾಗ ಪೋಸ್ಟ್‌ಗ್ರೆಸ್ ದತ್ತಸಂಚಯಗಳಲ್ಲಿ ಇದ್ದ ನಮೂದುಗಳೇ ಇಲ್ಲವೆಂಬ ಉತ್ತರ ಬರುವಂತಾಯಿತು. ಒಂದೇ ಬಾರಿ ಬರಬೇಕಾದ ಹೆಸರುಗಳು ಎರಡು ಬಾರಿ ಸೇರಲು ಎಡೆಯಾಯಿತು. ಒಬ್ಬ ಪಂಡಿತ ತನ್ನ ರೂಢಿಯಂತೆ ಜೋಡಿಸಿದ ಚೀಟಿಗಳನ್ನು ಬೇರೆ ರೂಢಿಯ ಇನ್ನೊಬ್ಬ ಹುಡುಕಿ ‘ಇಲ್ಲ’ ಎಂದಂತೆ. ಇದಕ್ಕೆ ಪರಿಹಾರವೆಂದರೆ ಒಳಸೂಚಿಯನ್ನು ಪುನಃ ಕಟ್ಟುವುದು. ನಿಯಮ ಬದಲಾಗಿದೆಯೆಂದು ತಿಳಿದವರು ಮಾತ್ರ ಅದನ್ನು ಮಾಡಬಲ್ಲರು.

ಇಷ್ಟಾದರೂ ಯಂತ್ರದ ಕೈಗೆ ಎಟುಕದ ಒಂದು ಭಾಗ ಉಳಿಯುತ್ತದೆ. ದವ್ವಸಂಗಹವೆಂಬುದು ದ್ರವ್ಯಸಂಗ್ರಹ, ಪವಯಣಸಾರವೇ ಪ್ರವಚನಸಾರ, ಸಮಯಪಾಹುಡವೇ ಸಮಯಸಾರ, ಛಕ್ಖಂಡಾಗಮವೇ ಷಟ್ಖಂಡಾಗಮ. ಮೊದಲನೆಯ ಜೋಡಿಯಲ್ಲಿ ಒಂದು ದಕಾರದ ಆರಂಭದ ಕಡೆ, ಮತ್ತೊಂದು ‘ದೌ’ ಆದ ಮೇಲೆ. ಕೊನೆಯ ಜೋಡಿಯಲ್ಲಿ ಒಂದು ಚವರ್ಗದಲ್ಲಿ, ಇನ್ನೊಂದು ಷಕಾರದಲ್ಲಿ. ಇವುಗಳಿಗೆ ಪ್ರಾಕೃತ ನಾಮದ ಕೆಳಗೆ ಸಂಸ್ಕೃತ ನಾಮವನ್ನೂ ಸಂಸ್ಕೃತ ನಾಮದ ಕೆಳಗೆ ಪ್ರಾಕೃತ ನಾಮವನ್ನೂ ‘ನೋಡಿ’ ಎಂದು ಸೂಚಿಸುವ ಪರಸ್ಪರೋಲ್ಲೇಖಗಳನ್ನು ಕೈಯಿಂದಲೇ, ಒಂದೊಂದಾಗಿ ಸೇರಿಸಬೇಕಾಗಿದೆ.